ಹಂಪಮ್ಮ ಬರೆಯದ ಬಾಟಲಿ

ಕುರುಗೋಡಿನ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿ ಮುಂದೆ ನಿಂತು ಹಂಪಮ್ಮ ಪತ್ರಿಕೆಯ ಐದನೇ ಪುಟ ತೆರೆದಳು. ಅವಳ ಅಪ್ಪನ ಕೈಯಲ್ಲಿ ಒಂದು ಬಾಟಲಿ ಇತ್ತು.

ಆ ಬಾಟಲಿಯನ್ನು ಅವಳು ಬರೆದಿರಲಿಲ್ಲ.

ಉಳಿದದ್ದೆಲ್ಲ ಅವಳದೇ. ಗಿರಣಿಯ ತಗಡಿನ ಮಾಡು, ಭತ್ತದ ಚೀಲಗಳ ರಾಶಿ, ಬಾಗಿಲಲ್ಲಿ ಬುತ್ತಿ ಹಿಡಿದು ನಿಂತ ಹತ್ತು ವರ್ಷದ ಹುಡುಗಿ, ಅವಳ ಎರಡು ಜಡೆ, ಎಲ್ಲ ಅವಳ ನಿಬ್ಬಿನಿಂದ ಬಂದ ಗೆರೆಗಳು. ಆದರೆ ಎರಡನೇ ಚೌಕದಲ್ಲಿ ಅಪ್ಪನ ಬಲಗೈಗೆ ಯಾರೋ ದಪ್ಪ ಬ್ರಷ್ಷಿನಿಂದ ಬಾಟಲಿ ಅಂಟಿಸಿದ್ದರು. ಅಷ್ಟು ಸಾಲದೆಂಬಂತೆ ಅಪ್ಪನ ಬಾಯಿಂದ ಹೊರಟ ಮಾತಿನ ಗುಳ್ಳೆಯೊಳಗೆ ಅವಳು ಬರೆದಿದ್ದ 'ರಾಳ ತಗೊಂಬಾ' ಎಂಬುದನ್ನು ಅಳಿಸಿ 'ಇನ್ನೊಂದು ಗುಟುಕು' ಎಂದು ಬರೆದಿದ್ದರು. ಗೋಡೆಗೆ ಒರಗಿಸಿದ್ದ, ಮಷೀನಿನ ಬೆಲ್ಟಿನ ತಗಡು ಮುಚ್ಚಳ ಮಾಯವಾಗಿತ್ತು. ಅದಿದ್ದ ಜಾಗದಲ್ಲಿ ಬಿಳಿ ಬಣ್ಣ ಬಳಿದು ಮೇಲೆ ನಾಲ್ಕು ಇಟ್ಟಿಗೆ ಗೀಚಿದ್ದರು.

ಕೆಳಗೆ ಮೂಲೆಯಲ್ಲಿ ಅವಳ ಹೆಸರು ಹಾಗೇ ಇತ್ತು: ಕಥೆ, ಚಿತ್ರ, ಡಿ. ಹಂಪಮ್ಮ, ಡ್ರಾಯಿಂಗ್ ಟೀಚರ್.

ಅಂದು ಶನಿವಾರ, ಬೆಳಗಿನ ಸಾಲಿ. ಹಂಪಮ್ಮ ಹೆಡ್‌ಮಾಸ್ತರರಿಗೆ ರಜೆಚೀಟಿ ಕಳಿಸಿದಳೋ ಇಲ್ಲವೋ ಅವಳಿಗೇ ಆಮೇಲೆ ನೆನಪಾಗಲಿಲ್ಲ. ಬಳ್ಳಾರಿ ಬಸ್ಸು ಎದುರಿಗೆ ನಿಂತಿತ್ತು, ಹತ್ತಿದಳು. ಕಿಟಕಿ ಪಕ್ಕ ಕೂತು ಪತ್ರಿಕೆಯನ್ನು ಮತ್ತೆ ಮತ್ತೆ ಬಿಚ್ಚಿ ನೋಡಿದಳು. ಪಕ್ಕದಲ್ಲಿದ್ದ ಮುದುಕಿ, "ಯಾರರ ಸತ್ತಾರೇನವ್ವಾ ಪೇಪರಿನಾಗ?" ಅಂತ ಕೇಳಿದ್ದಕ್ಕೆ, "ಹೌದು, ಸಾಯಿಸ್ಯಾರ," ಅಂದಳು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಸಿರುಗುಪ್ಪದಲ್ಲಿ ಗವಿಸಿದ್ದಪ್ಪನ ಅಕ್ಕಿ ಗಿರಣಿ. ಹಂಪಮ್ಮನ ಅಪ್ಪ ದುರುಗಣ್ಣ ಅಲ್ಲಿ ಮಷೀನಿಗೆ ಭತ್ತ ಹಾಕುವ ಕೆಲಸದಲ್ಲಿದ್ದ. ಸುಗ್ಗಿಯ ದಿನ, ನೀರಾವರಿ ಚಾನಲ್ ಕೆಳಗಿನ ಊರುಗಳಿಂದೆಲ್ಲ ಭತ್ತ ಬಂದು ಗಿರಣಿ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಂಪಮ್ಮ ಬುತ್ತಿ ಕೊಡಲು ಹೋಗಿದ್ದಳು. ತಿರುಗುವ ಬೆಲ್ಟು ಜಾರುತ್ತಿತ್ತು, ಹಿಡಿದುಕೊಳ್ಳಲೆಂದು ಅಪ್ಪ ಅದಕ್ಕೆ ಅಂಟು ರಾಳ ಹಚ್ಚುತ್ತಿದ್ದ. ಬೆಲ್ಟಿನ ಮೇಲಿರಬೇಕಾದ ತಗಡಿನ ಮುಚ್ಚಳ ಗೋಡೆಗೆ ಒರಗಿ ನಿಂತಿತ್ತು. ಅಂಗಿಯ ತೋಳು ಸಿಕ್ಕಿತು. ತೋಳಿನ ಜೊತೆ ಕೈ ಹೋಯಿತು. ಆ ಸದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಪ್ಪ ದವಾಖಾನೆಯಿಂದ ಬರುವಷ್ಟರಲ್ಲಿ ಊರೆಲ್ಲ ಒಂದೇ ಮಾತು ಹಬ್ಬಿತ್ತು: ದುರುಗಣ್ಣ ಕುಡಿದು ಕೆಲಸಕ್ಕೆ ಬಂದಿದ್ದ. ಗವಿಸಿದ್ದಪ್ಪ ಹಾಗಂತ ಹೇಳಿದ, ಹೇಳಿದ್ದನ್ನು ನಾಲ್ಕು ಜನ ಹೇಳಿದರು. ವಿಚಾರಣೆಗೆ ಬಂದ ಸಾಹೇಬರೂ ಹಾಗೇ ಬರೆದುಕೊಂಡು ಹೋದರು. ಗಿರಣಿಯ ಬಾಗಿಲಲ್ಲೇ ನಿಂತಿದ್ದ ಹುಡುಗಿಯನ್ನು ಯಾರೂ ಕೇಳಲಿಲ್ಲ. ಎರಡು ತಿಂಗಳಿಗೆ ಗವಿಸಿದ್ದಪ್ಪ ದುರುಗಣ್ಣನಿಗೆ ಗಿರಣಿಯ ಗೇಟು ಕಾಯುವ ಕೆಲಸ ಕೊಟ್ಟು, ಊರವರ ಬಾಯಲ್ಲಿ ದೊಡ್ಡ ಮನುಷ್ಯ ಆದ.

ಹಂಪಮ್ಮ ಹಾಸ್ಟೆಲ್ ಸೇರಿ ಓದಿದಳು. ಅಲ್ಲಿ ಹುಡುಗಿಯರ ಕೈಯಿಂದ ಕೈಗೆ ಹೋಗುತ್ತಿದ್ದ ಚಿತ್ರಕಥೆಯ ಪುಸ್ತಕಗಳನ್ನು ಕಣ್ಣು ನೋಯುವವರೆಗೆ ನೋಡಿದಳು. ಚೌಕದ ಪಕ್ಕ ಚೌಕ, ಒಂದೊಂದರಲ್ಲೂ ಒಬ್ಬ ರಾಜ, ಒಬ್ಬ ದೇವರು, ಇಲ್ಲವೇ ಮುಖವಾಡ ತೊಟ್ಟ ಒಬ್ಬ ಶೂರ. ನಮ್ಮಂಥವರು ಈ ಚೌಕದೊಳಗೆ ಹಿಡಿಸುವುದಿಲ್ಲವೇನು, ಅಂತ ಅವಳಿಗೆ ಆಗಲೇ ಸಿಟ್ಟು ಬಂದಿತ್ತು. ಡ್ರಾಯಿಂಗ್ ಕೋರ್ಸ್ ಮುಗಿಸಿ ಕುರುಗೋಡಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಶೀಟಿನ ಮೇಲೆ ಆರು ಚೌಕ ಎಳೆದು ಮೊದಲನೆಯದರಲ್ಲಿ ತನ್ನನ್ನೇ ಬರೆದಳು. ಮೇಲೆ 'ನಾನು ಕಂಡದ್ದು' ಅಂತ ಹೆಸರಿಟ್ಟಳು. ಬಳ್ಳಾರಿಯ ವಾರಪತ್ರಿಕೆಯೊಂದರ ಸಂಪಾದಕ ಕೊಟ್ಟೂರಪ್ಪ ಅದನ್ನು ನೋಡಿ ಕುಣಿದಾಡಿದ್ದ. "ಇಂಥದ್ದು ಕನ್ನಡದಾಗ ಯಾರೂ ಮಾಡಿಲ್ಲಮ್ಮ, ವಾರಕ್ಕೊಂದು ಪುಟ ಕೊಡು," ಅಂದಿದ್ದ. ನಾಲ್ಕು ವಾರ ಸಾಲಿ, ಹಾಸ್ಟೆಲ್ಲು, ಚಾನಲ್ಲಿನಲ್ಲಿ ಈಜು ಕಲಿತದ್ದು ಬಂದವು. ಐದನೇ ವಾರ ಗಿರಣಿ.

ಕೊಟ್ಟೂರಪ್ಪನ ಪ್ರೆಸ್ಸು ಕೋಟೆಗುಡ್ಡದ ಕೆಳಗಿನ ಒಂದು ಸಂದಿಯಲ್ಲಿತ್ತು. ಅವಳು ಒಳಗೆ ಹೋದಾಗ ಅವನು ಪ್ರೂಫ್ ತಿದ್ದುತ್ತಿದ್ದ. ತಲೆ ಎತ್ತಿ ನೋಡಿದವನೇ ಕನ್ನಡಕ ತೆಗೆದಿಟ್ಟ.

"ಬಾರಮ್ಮ, ಕುಂದ್ರು. ಚಾ ತರಸ್ತೀನಿ."

"ಚಾ ಬ್ಯಾಡ್ರಿ. ಈ ಬಾಟ್ಲಿ ಯಾರು ಬರದ್ರು?"

"ಮೊದ್ಲು ಕುಂದ್ರು."

"ಬಾಟ್ಲಿ ಯಾರು ಬರದ್ರು ಅಂತ ಕೇಳಾಕತ್ತೀನಿ."

ಅಕ್ಷರ ಜೋಡಿಸುತ್ತಿದ್ದವರು ಕೈ ನಿಲ್ಲಿಸಿದರು. ಕೊಟ್ಟೂರಪ್ಪ ದನಿ ತಗ್ಗಿಸಿ ಹೇಳಿದ: "ಅಚ್ಚಿನ ಬ್ಲಾಕ್ ಮಾಡಾಕ ಕಳಿಸೋ ಮುಂದ ನಾನ ಬರಸಿದ್ನಿ. ಮುಂದಿನ ವಾರ ಗಿರಣಿ ಕಥಿ ಅಂತ ಹಾಕಿದ್ವಲ್ಲ, ಗವಿಸಿದ್ದಪ್ಪ ಇಲ್ಲಿಗೇ ಬಂದಿದ್ದ. ನೋಡಮ್ಮ, ಪೇಪರ್ ನಡಸಾಕ ಹತ್ತು ಮಂದಿ ಬೇಕು. ಅವನ ಜಾಹೀರಾತು ಇಲ್ಲಂದ್ರ ನಾ ಬಾಗಲಾ ಹಾಕ್ಬೇಕು."

"ಹಂಗಂದ್ರ ಬಾಗಲಾ ಹಾಕ್ರಿ! ಇಲ್ಲಂದ್ರ ಆ ಪುಟ ಖಾಲಿ ಬಿಡ್ರಿ. ನಮ್ಮಪ್ಪನ ಕೈಗೆ ಬಾಟ್ಲಿ ಕೊಟ್ಟು, ಕೆಳಗ ನನ್ನ ಹೆಸರು ಹಾಕ್ತೀರಿ? ಮಗಳೇ ಬರದಾಳ, ಮಗಳೇ ನೋಡ್ಯಾಳ ಅನ್ನಂಗ? ಇಷ್ಟು ದಿನ ಅದು ಬರೇ ಬಾಯಿಮಾತಾಗಿತ್ತು. ನೀವು ಅದಕ್ಕ ನನ್ನಿಂದ ಸಾಕ್ಷಿ ಹೇಳಿಸಿದ್ರಿ!"

ಕೊಟ್ಟೂರಪ್ಪನ ಮುಖ ಕೆಂಪಾಯಿತು. ಅವನು ಡ್ರಾಯರ್ ಎಳೆದು ಒಂದು ಕಾಗದ ತೆಗೆದು ಮುಂದೆ ಹಾಕಿದ.

"ನನಗ ಬೈಯೋಕಿಂತ ಮೊದ್ಲು ಇದನ್ನ ಓದು, ಗವಿಸಿದ್ದಪ್ಪ ತಂದು ಕೊಟ್ಟಿದ್ದು. ನಾನೇನು ಸುಳ್ಳು ಹುಟ್ಟಿಸಿಲ್ಲ."

ಕಾಗದದಲ್ಲಿ ಯಾರದೋ ದುಂಡಗಿನ ಅಕ್ಷರ. 'ದುರುಗಣ್ಣನಾದ ನಾನು ಆ ದಿನ ಕುಡಿದು ಕೆಲಸಕ್ಕೆ ಹೋಗಿದ್ದು ನಿಜ. ನನ್ನ ಮಗಳು ಆಗ ಚಿಕ್ಕವಳು, ಅವಳಿಗೆ ಏನೂ ತಿಳಿಯದು.' ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ತಾರೀಖು ಹಿಂದಿನ ವಾರದ್ದು.

ಹಂಪಮ್ಮ ಅದನ್ನು ಎರಡು ಸಲ ಓದಿದಳು. ಮಡಚಿ ಮೇಜಿನ ಮೇಲಿಟ್ಟಳು. ಕಡೆಗೆ, "ನನ್ನ ಮೂಲ ಶೀಟು ಕೊಡ್ರಿ," ಅಂದಳು. ಅವನು ಐದೂ ಶೀಟು ತಂದುಕೊಟ್ಟ. ಐದನೆಯದರ ಮೇಲೆ ಬಾಟಲಿಯ ಕಪ್ಪು ಮಸಿ ಗಟ್ಟಿಯಾಗಿ ಕೂತಿತ್ತು. ಅವಳು ಉಗುರಿನಿಂದ ಕೆರೆದಳು. ಕಾಗದ ಕಿತ್ತು ಬಂತು, ಬಾಟಲಿಯ ಜೊತೆ ಅಪ್ಪನ ಬೆರಳುಗಳೂ ಕಿತ್ತು ಬಂದವು. ಅದನ್ನು ನೋಡಿ ಅವಳಿಗೆ ಎಂಥ ರೋಷ ಬಂತೆಂದರೆ, ಮೇಜಿನ ಮೇಲಿದ್ದ ಮಸಿ ದೌತಿಯನ್ನು ಎತ್ತಿ ಹೊರಗಿನ ಮೋರಿಗೆ ಬೀಸಿ ಒಗೆದಳು. ಅವಳು ಶೀಟುಗಳನ್ನು ಸುತ್ತಿಕೊಂಡು ಸಿರುಗುಪ್ಪದ ಬಸ್ಸು ಹಿಡಿದಳು.

ಮಧ್ಯಾಹ್ನ ಮೂರಕ್ಕೆ ಗಿರಣಿಯ ಗೇಟಿನ ಮುಂದೆ ಇಳಿದಳು. ದುರುಗಣ್ಣ ಸ್ಟೂಲಿನ ಮೇಲೆ ಕೂತಿದ್ದ. ಖಾಲಿ ತೋಳನ್ನು ಮಡಚಿ ಪಿನ್ನು ಹಾಕಿದ ಖಾಕಿ ಅಂಗಿ. ಮಗಳನ್ನು ಕಂಡು ಎದ್ದವನು ಅವಳ ಮುಖ ನೋಡಿ ಮತ್ತೆ ಕೂತ.

"ಹೆಬ್ಬೆಟ್ಟು ಯಾಕ ಒತ್ತಿದಿ?"

"ಇಲ್ಲಿ ಬ್ಯಾಡ. ಮನಿಗೆ ನಡಿ."

"ಇಲ್ಲೇ ಹೇಳು. ಇಲ್ಲೇ ಅಲ್ಲೇನು ಕೈ ಹೋಗಿದ್ದು?"

ಭತ್ತದ ಲಾರಿಯೊಂದು ಹಾರ್ನ್ ಮಾಡಿತು. ದುರುಗಣ್ಣ ಎಡಗೈಯಿಂದ ಗೇಟು ತೆಗೆದು, ಲಾರಿ ಒಳಗೆ ಬಿಟ್ಟು, ಮತ್ತೆ ಗೇಟು ಹಾಕಿ ಬಂದ. ಅಷ್ಟರಲ್ಲಿ ಅವನಿಗೂ ಸಿಟ್ಟು ಏರಿತ್ತು.

"ಕೈ ಯಾರದು? ನಂದು. ಹೋಗಿದ್ದು ನಂದು. ಅದನ್ನ ಪೇಪರಿನಾಗ ಬರಿ ಅಂತ ನಾ ನಿನಗ ಹೇಳಿದ್ನೇನು? ನಾಕು ವಾರದಿಂದ ಸಿರುಗುಪ್ಪಿ ಮಂದಿ ನನ್ನ ಮುಖ ನೋಡಿ ಪೇಪರ್ ನೋಡ್ತಾರ, ಪೇಪರ್ ನೋಡಿ ಮುಖ ನೋಡ್ತಾರ. ಒಂದು ಮಾತು ಕೇಳಿದೇನು ನನ್ನ?"

"ನೋಡಿದ್ದು ನಾನು! ಹತ್ತು ವರ್ಷದಾಕಿ ನೋಡಬಾರದ್ದು ನೋಡೀನಿ. ಅದು ನನ್ನ ಕಥಿನೂ ಹೌದು. ನೀ ಒಂದು ಹನಿ ಕುಡಿದವ ಅಲ್ಲ. ಮುಚ್ಚಳಾ ಇದ್ದಿಲ್ಲ, ಅದಕ್ಕ ಕೈ ಹೋತು. ಅದನ್ನ ಹೇಳಾಕ ನಿನಗೇನು ಅಂಜಿಕಿ? ಈ ಗೇಟಿನ ಕೆಲಸ ಹೋಗ್ತೈತಿ ಅಂತೇನು?"

ದುರುಗಣ್ಣ ಅತ್ತಿತ್ತ ನೋಡಿದ. ಆಮೇಲೆ ಹಲ್ಲು ಕಚ್ಚಿ, ಒಂದೊಂದೇ ಮಾತು ಉಗಿದಂತೆ ಹೇಳಿದ:

"ಆ ಮುಚ್ಚಳಾ ಬಿಚ್ಚಿದಾವ ನಾನ. ತಿಳೀತೇನು? ಹಿಂದಿನ ದಿನ ಸಾವ್ಕಾರ ಬಿಚ್ಚು ಅಂದ. ಬೆಲ್ಟು ಜಾರಿದಾಗೊಮ್ಮೆ ಬಿಚ್ಚೋದು ಹಾಕೋದು ಮಾಡ್ತಾ ಕುಂತ್ರ ಸುಗ್ಗಿ ಮುಗೀತೈತಿ ಅಂದ. ನಾ ಪಾನಾ ತಗೊಂಡು, ಬೋಲ್ಟು ತಿರುವಿ, ನನ್ನ ಕೈಯಾರ ಬಿಚ್ಚಿ ಇಟ್ಟೆ. ಕುಡದು ಕೈ ಕಳಕೊಂಡ ಅಂದ್ರ ಮಂದಿ ನಕ್ಕು ಬಿಡ್ತಾರ. ಹೇಳಿದ್ದಕ್ಕ ಹೂಂ ಅಂದು, ತನ್ನ ಕೈ ತಾನ ಮಷೀನಿಗೆ ಕೊಟ್ಟ ಅಂದ್ರ? ಅದನ್ನ ಹೊತ್ತುಕೊಂಡು ನಾ ಹೆಂಗ ತಿರಗಲಿ?"

ಹಂಪಮ್ಮನ ಸಿಟ್ಟು ಇಳಿದಿರಲಿಲ್ಲ. ಅದು ಯಾರ ಮೇಲೆ ಎಂಬುದು ಮಾತ್ರ ಕಲಸಿಹೋಯಿತು. ಇಪ್ಪತ್ತೈದು ಗಜ ದೂರದಲ್ಲಿ ಗಿರಣಿ ಗಡಗಡ ತಿರುಗುತ್ತಿತ್ತು. "ಈಗ ಒಳಗ ಮುಚ್ಚಳಾ ಐತೇನು?" ಅಂತ ಕೇಳಿದಳು. ಅಪ್ಪ ಇಲ್ಲವೆಂದು ತಲೆಯಾಡಿಸಿ ಸ್ಟೂಲಿಗೆ ಮರಳಿದ.

ಮನೆಯಲ್ಲಿ ಅವ್ವ ಉಚ್ಚೆಂಗೆಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಅವಳಿಗೆ ಓದು ಬರದು. ಆದರೆ ಐದೂ ವಾರದ ಪತ್ರಿಕೆಯನ್ನು ಓಣಿಯವರಿಂದ ಇಸಿದುಕೊಂಡು ಟ್ರಂಕಿನ ಮೇಲೆ ಒಂದರ ಮೇಲೊಂದು ಜೋಡಿಸಿಟ್ಟಿದ್ದಳು. ಮಗಳು ಬಂದು ಗೋಡೆಗೆ ಒರಗಿ ಕೂತದ್ದನ್ನು ನೋಡಿ ಮೊರ ಬದಿಗಿಟ್ಟಳು.

"ಬಾಟ್ಲಿ ನೋಡಿದೆ," ಅಂದಳು ಅವ್ವ. "ಅದು ನಿನ್ನ ಕೈದಲ್ಲ ಅಂತ ಗೊತ್ತಾತು. ನಿನ್ನ ಗೆರಿ ಸಣ್ಣದು."

"ಅಪ್ಪ ಹೆಬ್ಬೆಟ್ಟು ಒತ್ಯಾನವ್ವಾ."

"ಒತ್ಲಿ. ಹದಿನಾಕು ವರ್ಷದಿಂದ ಒತ್ತಾಕತ್ಯಾನ." ಅವ್ವ ಒಳಗೆ ಹೋಗಿ ಪತ್ರಿಕೆಗಳನ್ನು ತಂದು ಮಗಳ ಮುಂದೆ ಹಾಸಿದಳು. "ಅದಿರಲಿ. ನಿನಗೊಂದು ಕೇಳಬೇಕಂತ ಮಾಡಿದ್ದೆ. ಇಲ್ಲಿ ಎಲ್ಲಾರ ಬಾಯಿಂದ ಗುಳ್ಳಿ ಹೊಂಡ್ತಾವು. ನಿನ್ನ ಬಾಯಿಂದ, ನಿಮ್ಮಪ್ಪನ ಬಾಯಿಂದ, ಸಾವ್ಕಾರನ ಬಾಯಿಂದ, ಮಾಸ್ತರ ಬಾಯಿಂದ. ಇಲ್ಲಿ ನೋಡು, ಇದು ನಾನು. ಇಲ್ಲಿ ರೊಟ್ಟಿ ಬಡಿತೀನಿ. ಇಲ್ಲಿ ನೀರು ತರತೀನಿ. ಇಲ್ಲಿ ದವಾಖಾನಿ ಮುಂದ ಕುಂತೀನಿ. ಐದು ಪುಟದಾಗ ನನ್ನ ಬಾಯಿಗೆ ಒಂದು ಗುಳ್ಳಿ ಇಲ್ಲ. ನಾ ಮೂಕಿ ಅದೀನೇನಲೇ?"

ಹಂಪಮ್ಮ ಒಂದೊಂದೇ ಪುಟ ನೋಡಿದಳು. ಹೌದು. ಹನ್ನೊಂದು ಚೌಕದಲ್ಲಿ ಅವ್ವ ಇದ್ದಳು. ಒಂದರಲ್ಲೂ ಮಾತಿರಲಿಲ್ಲ. ಕೊಟ್ಟೂರಪ್ಪ ಇದನ್ನು ಮಾಡಿರಲಿಲ್ಲ. ತಾನೇ ಮಾಡಿದ್ದಳು.

"ಕುಡುಕನ ಹೇಣ್ತಿ ಅಂತ ನನ್ನ ಕರೀತಾರ," ಅಂದಳು ಉಚ್ಚೆಂಗೆಮ್ಮ. "ನಾಟಿಗೆ ಹೋದಲ್ಲಿ, ನೀರಿಗೆ ಹೋದಲ್ಲಿ. ಆವತ್ತು ದವಾಖಾನ್ಯಾಗ ಸಾವ್ಕಾರನ ಎದುರಿಗೆ ನಿಂತು ಹೇಳಿದ್ದೆ, ನನ್ನ ಗಂಡನ ಬಾಯಿ ಮೂಸಿ ನೋಡ್ರಿ, ಸೆರಿ ವಾಸನಿ ಬಂದ್ರ ನನ್ನ ಮೂಗು ಕೊಯ್ರಿ ಅಂತ. ನೀ ಅಲ್ಲೇ ನನ್ನ ಸೆರಗು ಹಿಡಕೊಂಡು ನಿಂತಿದ್ದಿ. ಅದು ನಿನಗ ನೆನಪಿಲ್ಲ. ಮುಚ್ಚಳಾ ನೆನಪೈತಿ, ನಾ ಅಂದಿದ್ದು ನೆನಪಿಲ್ಲ!"

ಅದು ನೆನಪಿತ್ತು. ಅವ್ವನ ಆ ಕೂಗಿಗೆ ಅಂದು ಹುಡುಗಿ ಹಂಪಮ್ಮ ನಾಚಿಕೊಂಡಿದ್ದಳು. ನಾಚಿಕೆಯಾಗಿದ್ದಕ್ಕೇ ಬರೆದಿರಲಿಲ್ಲ. ಇದನ್ನು ಅವಳು ಅವ್ವನಿಗೆ ಹೇಳಿದಳು. ಉಚ್ಚೆಂಗೆಮ್ಮ ಮತ್ತೆ ಮೊರ ಎತ್ತಿಕೊಂಡು, "ಹಂಗಾರ ಅದನ್ನೂ ಬರಿ. ನಾಚಿಕಿ ಬಂದಿದ್ದೂ ಬರಿ," ಅಂದಳು.

ಮುಂದಿನ ಎರಡು ಭಾನುವಾರ ಹಂಪಮ್ಮ ಬಳ್ಳಾರಿಯಲ್ಲಿ ದಾಕ್ಷಾಯಣಮ್ಮ ಎಂಬಾಕೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಳೆದಳು. ಅಲ್ಲಿ ಒಂದು ಸೈಕ್ಲೋಸ್ಟೈಲ್ ಯಂತ್ರ ಇತ್ತು. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಮೊಳೆಯಂಥ ಕಡ್ಡಿಯಿಂದ ಗೀರಿದರೆ ಗೀರಿದಲ್ಲಿ ಮಸಿ ಇಳಿಯುತ್ತದೆ. ಜಾಸ್ತಿ ಒತ್ತಿದರೆ ಹಾಳೆ ಹರಿಯುತ್ತದೆ, ಕಡಿಮೆ ಒತ್ತಿದರೆ ಗೆರೆಯೇ ಮೂಡದು. ಸಿಟ್ಟಿನ ಕೈಗೆ ಅದು ಒಗ್ಗುವ ಕೆಲಸವಲ್ಲ. ಏಳು ಸ್ಟೆನ್ಸಿಲ್ ಹರಿದವು. ದಾಕ್ಷಾಯಣಮ್ಮ ಬಂದು ಇಣುಕಿ, "ಸರ್ಕ್ಯುಲರ್ ಹೊಡೆಯೋ ಮಷೀನಿನಾಗ ಇದೇನು ಹೊಡಿತೀಯೇ ತಾಯಿ?" ಅಂದಳು. ಓದಿ ನೋಡಿ ಮತ್ತೆ ಮಾತಾಡದೆ ತಾನೇ ಹಿಡಿಕೆ ತಿರುವಲು ನಿಂತಳು.

ಅಪ್ಪ ಗೇಟಿನಲ್ಲಿ ಹೇಳಿದ್ದನ್ನು ಬರೆಯಬೇಕೋ ಬೇಡವೋ ಎಂಬುದರಲ್ಲೇ ಹಂಪಮ್ಮನ ಅರ್ಧ ದಿನ ಕಳೆಯಿತು. ಪಾನಾ ಹಿಡಿದ ಬಲಗೈಯನ್ನು ಪೆನ್ಸಿಲಿನಿಂದ ಒಂದು ಚೂರು ಕಾಗದದ ಮೇಲೆ ಬರೆದೂ ನೋಡಿದಳು. ಚಂದ ಬಂದಿತ್ತು. ಚಂದ ಬಂದದ್ದಕ್ಕೇ ಮೈ ಉರಿಯಿತು. ಅದನ್ನು ಅವಳು ಕಂಡಿರಲಿಲ್ಲ. ಸಿಟ್ಟಿನಲ್ಲಿ ಒಬ್ಬ ಮನುಷ್ಯನ ಬಾಯಿಂದ ಕಿತ್ತದ್ದು ಅದು. ಅದನ್ನು ಬರೆದರೆ ಕೊಟ್ಟೂರಪ್ಪನಿಗೂ ತನಗೂ ಏನು ಫರಕು? ಹರಿದು ಹಾಕಿದಳು. ಕಂಡದ್ದನ್ನು ಮಾತ್ರ ಬರೆದಳು: ಗೋಡೆಗೆ ಒರಗಿದ ಮುಚ್ಚಳ, ಬೆತ್ತಲೆ ಬೆಲ್ಟು, ರಾಳದ ಉಂಡೆ, ತೋಳು. ಕಡೆಯ ಪುಟದಲ್ಲಿ ಒಂದೇ ದೊಡ್ಡ ಚೌಕ. ಅದರಲ್ಲಿ ದವಾಖಾನೆಯ ಮೆಟ್ಟಿಲ ಮೇಲೆ ಅವ್ವ, ಅವಳ ಬಾಯಿಂದ ಅರ್ಧ ಪುಟ ತುಂಬುವ ಗುಳ್ಳೆ, ಒಳಗೆ ಅವಳು ಅಂದ ಒಂದೊಂದು ಮಾತು. ಸೆರಗು ಹಿಡಿದ ಹುಡುಗಿ ನೆಲ ನೋಡುತ್ತಿದ್ದಳು.

ಎಂಟು ಪುಟ, ಮುನ್ನೂರು ಪ್ರತಿ. ಮೇಲಿನ ಪುಟದಲ್ಲಿ ಇಷ್ಟೇ: 'ಪೇಪರಿನಲ್ಲಿ ಬಂದ ಬಾಟಲಿ ನಾನು ಬರೆದದ್ದಲ್ಲ. ನಾನು ಬರೆದದ್ದು ಇದು.'

ಹಂಚುವ ಕೆಲಸ ಅವ್ವ ಮಾಡಿದಳು. ನಾಟಿಯ ಹೆಣ್ಣುಮಕ್ಕಳ ಕೈಗೆ ಕೊಟ್ಟಳು, ಅವರಿಂದ ಗಂಡಂದಿರಿಗೆ ಹೋಯಿತು. ಹಚ್ಚೊಳ್ಳಿ ಕಡೆಯಿಂದ ಭತ್ತ ತರುವ ಟ್ರ್ಯಾಕ್ಟರಿನವರು ಒಯ್ದರು. ಗಿರಣಿಯ ಹಮಾಲರು ಸೊಂಟಕ್ಕೆ ಸಿಕ್ಕಿಸಿಕೊಂಡರು. ಓದು ಬಾರದವರಿಗೆ ಓದುವ ಗರಜೇ ಬೀಳಲಿಲ್ಲ. ಗವಿಸಿದ್ದಪ್ಪನ ಮೂಗಿನ ಮೇಲಿನ ಗಂಟು, ಅವನು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ಠೀವಿ, ಹೆಸರಿಲ್ಲದಿದ್ದರೂ ಎಲ್ಲರಿಗೂ ಗುರುತು ಸಿಕ್ಕಿತು.

ನಾಲ್ಕನೆಯ ದಿನ ಬೆಳಿಗ್ಗೆ ಗಿರಣಿಯ ಮಷೀನು ಶುರುವಾಗಲಿಲ್ಲ. ಭತ್ತ ಹಾಕುವ ಎರ್ರಣ್ಣ ಎಂಬವನು ಸ್ವಿಚ್ಚಿನ ಮುಂದೆ ಕೈಕಟ್ಟಿ ನಿಂತ. "ಮುಚ್ಚಳಾ ಹಾಕ್ರಿ ಸಾವ್ಕಾರ್ರ. ಆಮ್ಯಾಲೆ ಸ್ವಿಚ್ಚು." ಗವಿಸಿದ್ದಪ್ಪ ಕೂಗಾಡಿದ, ಕನ್ನಡದಲ್ಲಿ ಬೈದ, ಸಾಲದೆ ತೆಲುಗಿನಲ್ಲಿ ಬೈದ. ಹಿಂದೆ ಇನ್ನೂ ಹದಿನೈದು ಜನ ಬಂದು ನಿಂತರು. ಅಂಗಳದಲ್ಲಿ ಭತ್ತ ರಾಶಿ ಬಿದ್ದಿತ್ತು, ಹೊರಗೆ ಲಾರಿಗಳು ಸಾಲುಗಟ್ಟಿದ್ದವು. ಮಧ್ಯಾಹ್ನದ ಹೊತ್ತಿಗೆ ವೆಲ್ಡಿಂಗಿನವನು ಬಂದು ಮೂರೂ ಬೆಲ್ಟಿಗೆ ತಗಡು ಕೂರಿಸಿದ. ದುರುಗಣ್ಣ ಗೇಟಿನಲ್ಲಿ ನಿಂತು ಅದನ್ನೆಲ್ಲ ನೋಡಿದ.

ಸಂಜೆ ಗವಿಸಿದ್ದಪ್ಪ ಗೇಟಿಗೆ ಬಂದು, "ನಿನ್ನ ಮಗಳಿಗೆ ಕೂಳು ಹಾಕಿದ್ದು ಈ ಗೇಟು. ನಾಳೆಯಿಂದ ಬರಬ್ಯಾಡ," ಅಂದ. ದುರುಗಣ್ಣ ಬೀಗದ ಕೈ ಸ್ಟೂಲಿನ ಮೇಲಿಟ್ಟು ಮನೆಗೆ ನಡೆದ.

ಕುರುಗೋಡಿನ ಸಾಲಿಗೂ ಒಂದು ದೂರು ಹೋಯಿತು. ಹೆಡ್‌ಮಾಸ್ತರು ಮೆಮೋ ಕೊಟ್ಟು ವಿವರಣೆ ಕೇಳಿದರು. ಹಂಪಮ್ಮ ಒಂದೇ ಸಾಲು ಬರೆದುಕೊಟ್ಟಳು: 'ನಾನು ಕಂಡದ್ದನ್ನು ಬರೆದಿದ್ದೇನೆ, ಅದು ತಪ್ಪೆಂದು ಹೇಳುವವರು ಅಂದು ಅಲ್ಲಿದ್ದರೆ ಮುಂದೆ ಬರಲಿ.' ಯಾರೂ ಮುಂದೆ ಬರಲಿಲ್ಲ. ಆ ವರ್ಷದ ಅವಳ ಸಂಬಳದ ಬಡ್ತಿ ಮಾತ್ರ ನಿಂತುಹೋಯಿತು.

ದುರುಗಣ್ಣ ಮಗಳ ಜೊತೆ ಮಾತು ಬಿಟ್ಟ. ಅವಳು ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. ಸಂಬಳದಲ್ಲಿ ಅವಳು ತಂದ ಅಂಗಿಯನ್ನು ಮುಟ್ಟಲಿಲ್ಲ. ಅವಳೂ ಬಗ್ಗಲಿಲ್ಲ. ಅಪ್ಪನ ಕೆಲಸ ಹೋದದ್ದಕ್ಕೆ ಅವಳಿಗೆ ಸಂಕಟವಿತ್ತು, ಆದರೂ ಬರೆದದ್ದು ತಪ್ಪಾಯಿತು ಅನ್ನುವ ಮಾತು ಬಾಯಿಗೆ ಬರಲಿಲ್ಲ. ಅವನು ಹೆಬ್ಬೆಟ್ಟು ಒತ್ತಿದ್ದನ್ನು ನೆನೆದರೆ ಈಗಲೂ ಕಣ್ಣು ಕೆಂಪಾಗುತ್ತಿತ್ತು.

ಬೇಸಿಗೆ ರಜೆಯಲ್ಲಿ ಒಂದು ದಿನ ಹಂಪಮ್ಮ ಬೇವಿನ ನೆರಳಿನಲ್ಲಿ ಕೂತು ಶೀಟಿನ ಮೇಲೆ ಚೌಕ ಎಳೆಯುತ್ತಿದ್ದಳು. ದುರುಗಣ್ಣ ಕೆಂಚನಗುಡ್ಡದ ಕಡೆ ಹೊಳೆಗೆ ಹೋಗಿದ್ದವನು ಬಂದು ಸ್ವಲ್ಪ ದೂರದಲ್ಲಿ ನಿಂತ. ಈ ಸಲ ಹೊರಟುಹೋಗಲಿಲ್ಲ. ಅವನ ಎಡಗೈಯಲ್ಲಿ ಆ ಎಂಟು ಪುಟದ ಪುಸ್ತಕ ಇತ್ತು. ಹಮಾಲರ ಬೆವರಿಗೆ ಮೆತ್ತಗಾಗಿ ಅಂಚು ಹರಿದಿತ್ತು.

"ಮುಚ್ಚಳಾ ತಪ್ಪು ಬರದಿ," ಅಂದ.

ಹಂಪಮ್ಮ ತಲೆ ಎತ್ತಿದಳು. "ಏನು ತಪ್ಪು?"

"ನಾಕು ತೂತು ಬರದಿ. ನಾಕಲ್ಲ. ಆರು ಬೋಲ್ಟು ಇದ್ವು." ಅವನು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ. "ಐದು ಸಲೀಸ ಬಂದ್ವು. ಆರನೇದು ತುಕ್ಕು ಹಿಡಿದಿತ್ತು. ಸೀಮೆಎಣ್ಣಿ ಹಾಕಿ ತಿರುವಿ ತಿರುವಿ ಅದನ್ನ ಬಿಚ್ಚಾಕ ಅರ್ಧ ತಾಸು ಹಿಡೀತು. ಆ ಅರ್ಧ ತಾಸಿನಾಗ, ಆಗೂದಿಲ್ರಿ ಸಾವ್ಕಾರ್ರ, ಅಂತ ಒಂದು ಮಾತು ಅನಬೌದಿತ್ತು ನಾನು. ಅವ ಹಿಂದ ನಿಂತು, ಇನ್ನೂ ಆಗಲಿಲ್ಲೇನಲೇ, ಇನ್ನೂ ಆಗಲಿಲ್ಲೇನಲೇ ಅಂತಿದ್ದ. ನಾ ತಿರುವಿದೆ."

ಅವನ ದನಿಯಲ್ಲಿ ಅಳು ಇರಲಿಲ್ಲ. ಹದಿನಾಲ್ಕು ವರ್ಷ ತಪ್ಪು ಕಡೆಗೆ ತಿರುಗಿದ್ದ ಸಿಟ್ಟು ಈಗ ಸರಿಯಾದ ಕಡೆಗೆ ಮುಖ ಮಾಡಿತ್ತು. ಹಂಪಮ್ಮ ನಿಬ್ಬನ್ನು ಮಸಿಯಲ್ಲಿ ಅದ್ದಿದಳು, ಆದರೆ ಗೆರೆ ಎಳೆಯಲಿಲ್ಲ.

"ಇದನ್ನ ಬರಿಯಲೇನು?"

"ಅದಕ್ಕ ಹೇಳಾಕತ್ತೀನಿ."

"ಸಾವ್ಕಾರ ಅಂದದ್ದೂ?"

"ಎಲ್ಲಾ. ಹೆಸರು ಹಚ್ಚಿ ಬರಿ." ದುರುಗಣ್ಣ ಪುಸ್ತಕ ಕೆಳಗಿಟ್ಟು ಮುಂದೆ ಬಾಗಿ, ಗಾಳಿಗೆ ಏಳುತ್ತಿದ್ದ ಶೀಟಿನ ತುದಿಯನ್ನು ಅಂಗೈಯಿಂದ ಒತ್ತಿ ಹಿಡಿದ. "ಪಾನಾ ಉದ್ದಂದು. ಹಿಡಕಿ ಒಂದು ಮೊಳ. ಸರಿಯಾಗಿ ಬರಿ."